ಚೆನ್ನಾಗೈತೆ ಅಂದವರ ಬೆರಳು ನೋಡಿ

ಹಾಲು ಹಾಕುವವರಿಗೆ ಲೆಕ್ಕ ತೋರಿಸುವ ಒಂದು ಆ್ಯಪ್‌ಗಾಗಿ ಒಂದಿಡೀ ಬೇಸಿಗೆ ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ತಿರುಗಿದೆ. ಬೆಂಗಳೂರಿನಲ್ಲಿ ನನ್ನಂಥವರನ್ನು ಯುಎಕ್ಸ್ ರಿಸರ್ಚರ್ ಅನ್ನುತ್ತಾರೆ. ಅಲ್ಲಿ ನಾನು "ಮೊಬೈಲ್ ತೋರಿಸೋಕೆ ಬಂದೋರು". ನಾನು ಹೋಗಿದ್ದು ನೋಡುವುದಕ್ಕೆ. ತೋರಿಸುವವನ ಹಾಗೆ ಕಂಡಿದ್ದರೆ ಎಡವಟ್ಟು ನನ್ನದೇ.

1. ಆ್ಯಪ್ ನಿಮ್ಮದು ಅನ್ನಬೇಡಿ

ಮೊದಲ ದಿನ ಡೈರಿ ಜಗಲಿಯಲ್ಲಿ ಕೂತು, "ನಾವೇ ಮಾಡಿರೋದು, ಹೇಗಿದೆ ನೋಡಿ" ಅಂದೆ. ಎಂಟು ಜನ ನೋಡಿದರು, ಎಂಟೂ ಜನ "ಚೆನ್ನಾಗೈತೆ ಕಣಪ್ಪ" ಅಂದರು. ಅವರಲ್ಲೊಬ್ಬರು ಎರಡನೇ ಸ್ಕ್ರೀನೇ ದಾಟಿರಲಿಲ್ಲ. ನೆಂಟರು ತಂದ ಮೈಸೂರುಪಾಕು ಹೇಗಿದೆ ಅಂತ ನೆಂಟರೇ ಕೇಳಿದರೆ ಇನ್ನೇನು ಹೇಳುತ್ತಾರೆ?

ಇದನ್ನು ಅಳೆದವರೂ ಇದ್ದಾರೆ, ಅದೂ ಬೆಂಗಳೂರಿನಲ್ಲೇ. ನಿಕೋಲಾ ಡೆಲ್ ಮತ್ತು ಸಂಗಡಿಗರು 450 ಜನರನ್ನು ಮಾತಾಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎರಡು ವಸ್ತು ಒಂದೇ ಥರ ಇದ್ದರೂ, ಎದುರಿಗೆ ಕೂತವರು ಮಾಡಿದ್ದು ಇದು ಎಂದು ಗೊತ್ತಾದರೆ ಅದನ್ನೇ ಮೆಚ್ಚುವ ಸಾಧ್ಯತೆ ಸುಮಾರು 2.5 ಪಟ್ಟು. ಕೇಳುವವರು ದುಭಾಷಿ ಇಟ್ಟುಕೊಂಡು ಬಂದ ವಿದೇಶಿಯರಾದರೆ 5 ಪಟ್ಟು! ಎರಡನೇ ದಿನದಿಂದ ನಾನು, "ಯಾರೋ ಮಾಡವ್ರೆ, ತಪ್ಪು ಹುಡುಕೋಕೆ ನನ್ನ ಕಳಿಸವ್ರೆ" ಅನ್ನತೊಡಗಿದೆ. ಡೈರಿ ಕಾರ್ಯದರ್ಶಿ ಪಕ್ಕದಲ್ಲಿಲ್ಲದ ಹೊತ್ತು ನೋಡಿಕೊಂಡೆ. ತಪ್ಪುಗಳು ಬರತೊಡಗಿದವು.

2. ಹೊತ್ತು ಅವರದು

ನಮ್ಮ ಕ್ಯಾಲೆಂಡರ್‌ನಲ್ಲಿ ಸಂಜೆ ಐದೂವರೆ ಖಾಲಿ ಇರುತ್ತದೆ. ಅದು ಹಾಲು ಕರೆಯುವ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ.

3. ಅವರ ಬಾಯಲ್ಲಿರುವ ಮಾತೇ ಬಟನ್ ಮೇಲಿರಲಿ

ಆ್ಯಪ್‌ನಲ್ಲಿ "ಪಾವತಿ ಇತಿಹಾಸ" ಅಂತ ಒಂದು ಬಟನ್ ಇತ್ತು. ಯಾರೂ ಒತ್ತಲಿಲ್ಲ. ಒಬ್ಬ ಹುಡುಗ ಅದನ್ನು ಜೋರಾಗಿ ಓದಿ, "ಇತಿಹಾಸ ಅಂದ್ರೆ ಸ್ಕೂಲಿಂದಾ?" ಅಂದ. ಹಾಲಿನ ದುಡ್ಡು ಕೈಗೆ ಬರುವುದಕ್ಕೆ ಆ ಕಡೆಯವರೆಲ್ಲ ಹೇಳುವುದು "ಬಟವಾಡೆ". ಅದನ್ನೇ ಬರೆದೆವು, ಅರ್ಥ ಕೇಳುವವರೇ ಇಲ್ಲವಾದರು. ಅನುವಾದದ ಏಜೆನ್ಸಿಗೆ ಕೊಟ್ಟ ದುಡ್ಡಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ.

4. ಗೋಡೆಯ ಮೊಳೆ ನೋಡಿ

ಎರಡು ಹಸು ಸಾಕಿದ್ದ ಒಬ್ಬ ಹೆಂಗಸಿನ ಮನೆ. ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ, ಅದಕ್ಕೆ ಚುಚ್ಚಿದ ಡೈರಿ ಚೀಟಿಗಳ ದಪ್ಪ ಕಟ್ಟು. ಅವರಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ರೇಟು ಒಂದರ ಕೆಳಗೊಂದು, ಕಡೇ ಸಾಲಿನಲ್ಲಿ ದುಡ್ಡು. ಅವರು ಓದುತ್ತಿದ್ದುದು ಜಾಗವನ್ನು.

ನಮ್ಮ ಡಿಸೈನರ್ ದುಡ್ಡು ಮುಖ್ಯ ಅಂತ ಅದನ್ನು ಮೇಲೆ ದೊಡ್ಡದಾಗಿ ಇಟ್ಟಿದ್ದ. ಪುಸ್ತಕದ ಪ್ರಕಾರ ಸರಿಯೇ. ಇವತ್ತು ಬೆಳಿಗ್ಗೆ ಎಷ್ಟಾಯಿತು ನೋಡಿ ಅಂದೆ. ಅವರ ಬೆರಳು ಆ ದೊಡ್ಡ ಅಂಕಿಯನ್ನು ದಾಟಿ ಸೀದಾ ಕೆಳಕ್ಕೆ ಹೋಯಿತು. ಕೆಳಗಿದ್ದುದು 412, ಆ ತಿಂಗಳು ಹಾಕಿದ ಒಟ್ಟು ಲೀಟರು. ಸ್ವಲ್ಪ ಹೊತ್ತು ನೋಡಿ, "ಒಂದೊತ್ತಿಗೆ ಇಷ್ಟೊಂದು ಬರಕ್ಕಿಲ್ಲ" ಅಂದರು. ಅವರ ಲೆಕ್ಕ ಸರಿಯಿತ್ತು, ನಮ್ಮ ಸ್ಕ್ರೀನ್ ತಪ್ಪಾಗಿತ್ತು. ಬೆಂಗಳೂರಿಗೆ ಬಂದು ಸ್ಕ್ರೀನನ್ನು ಚೀಟಿಯ ಸಾಲಿನಂತೆಯೇ ಜೋಡಿಸಿದೆವು. ನೋಡಲು ಅಷ್ಟೇನೂ ಚಂದವಿರಲಿಲ್ಲ. ಡಿಸೈನರ್ ಎರಡು ದಿನ ನನ್ನ ಜೊತೆ ಊಟಕ್ಕೆ ಬರಲಿಲ್ಲ.

5. ಫೋನ್ ಕೆಳಗಿಟ್ಟ ಮೇಲೂ ಕೂತಿರಿ

ಅದೇ ಮನೆ. ಪ್ರಶ್ನೆಗಳೆಲ್ಲ ಮುಗಿದು ಕಾಫಿ ಲೋಟ ಕೈಗೆ ಬಂದಾಗ ಅವರು ಕೇಳಿದರು: "ಪ್ರೋತ್ಸಾಹಧನ ಬಂತೋ ಇಲ್ವೋ ಅಂತ ಇದ್ರಾಗೆ ತಿಳಿತೈತಾ?"

ಲೀಟರಿಗೆ 5 ರೂಪಾಯಿಯಂತೆ ಸರ್ಕಾರ ಕೊಡುವ ದುಡ್ಡು ಅದು. ಬಟವಾಡೆಯ ಜೊತೆ ಬರುವುದಿಲ್ಲ, ಬೇರೆಯಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ನಮ್ಮ ಆ್ಯಪ್‌ಗೆ ಡೈರಿಯ ಲೆಕ್ಕವಷ್ಟೇ ಗೊತ್ತು. ಅವರಿಗೆ ಬೇಕಿದ್ದ ಒಂದೇ ಉತ್ತರ ನಮ್ಮಲ್ಲಿರಲಿಲ್ಲ, ನನ್ನ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯಲ್ಲಿ ಆ ಮಾತೂ ಇರಲಿಲ್ಲ. ಮುಂದೆ ಹೋದ ಮನೆಗಳಲ್ಲಿ ಪಟ್ಟಿಯನ್ನು ಏಳಕ್ಕೆ ಇಳಿಸಿ, ಕಾಫಿಗೆ ಹೆಚ್ಚು ಹೊತ್ತು ಇಟ್ಟುಕೊಂಡೆ.

6. ಒತ್ತಕ್ಷರ ಹಾಕಿ ಪರೀಕ್ಷೆ ಮಾಡಿ

ಇಂಗ್ಲಿಷ್ ಅಕ್ಷರದ ಅಳತೆಗೆ ಕತ್ತರಿಸಿದ ಬಟನ್‌ನಲ್ಲಿ ಕನ್ನಡದ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. ಪ್ರೋತ್ಸಾಹಧನಕ್ಕೆ ಕೊನೆಗೂ ಒಂದು ಜಾಗ ಮಾಡಿದಾಗ ಅಗ್ಗದ ಫೋನೊಂದರಲ್ಲಿ ಕಂಡಿದ್ದು "ಪೋತಾಹಧನ". ಆಫೀಸಿನ ದುಬಾರಿ ಫೋನ್‌ಗಳಲ್ಲಿ ಇದು ಕಾಣಲೇ ಇಲ್ಲ. ಅಂದಿನಿಂದ ನನ್ನ ಚೀಲದಲ್ಲಿ ಗೀರುಬಿದ್ದ ಒಂದು ಹಳೇ ಫೋನು ಇದ್ದೇ ಇರುತ್ತದೆ.

7. ಐದು ಜನ ಸಾಕು, ಆದರೆ ಯಾವ ಐದು?

ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲಿದೆ: ಐದು ಜನರೊಡನೆ ಪರೀಕ್ಷಿಸಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡಾ 85 ಕೈಗೆ ಸಿಗುತ್ತವೆ. ಒಂದೇ ಬಗೆಯ ಬಳಕೆದಾರರಿಗೆ ಹೊಂದುವ ಲೆಕ್ಕ ಅದು. ಹಾಲು ಕರೆಯುವ ತಾಯಿ, ಕ್ಯಾನ್ ಹೊತ್ತು ಡೈರಿಗೆ ಹೋಗುವ ತಂದೆ, ಫೋನ್ ಇಟ್ಟುಕೊಂಡಿರುವ ಮಗ ಒಂದೇ ಮನೆಯವರಾದರೂ ಮೂರು ಬಗೆ. ನಮ್ಮ ಮೊದಲ ಐದೂ ಜನ ಮಕ್ಕಳೇ ಆಗಿದ್ದರು, ಫೋನ್ ನಂಬರ್ ಅವರದೇ ಇತ್ತಲ್ಲ.

8. ವರದಿ ಬರೆಯಿರಿ, ಓದುತ್ತಾರೆ ಅಂದುಕೊಳ್ಳಬೇಡಿ

ನನ್ನ ನಲವತ್ತು ಪುಟದ ವರದಿಯನ್ನು ಆಫೀಸಿನಲ್ಲಿ ತೆರೆದವರು ಇಬ್ಬರು, ಅವರಲ್ಲಿ ಒಬ್ಬ ನಾನು. 412ರ ಮೇಲೆ ನಿಂತ ಆ ಬೆರಳಿನ ಐವತ್ತು ಸೆಕೆಂಡ್ ವಿಡಿಯೊವನ್ನು, ಅವರನ್ನು ಕೇಳಿಯೇ ತೆಗೆದದ್ದು, ಮೀಟಿಂಗ್‌ನಲ್ಲಿ ಹಾಕಿದೆ. ಯಾರೂ ಮಾತಾಡಲಿಲ್ಲ. ಸ್ಕ್ರೀನ್ ಬದಲಾಗಿದ್ದು ಅದರಿಂದ.

ಆ್ಯಪ್ ಹೊರಬಂದು ಐದಾರು ತಿಂಗಳಾದ ಮೇಲೆ ಆ ಮನೆಗೆ ಮತ್ತೆ ಹೋದೆ. ಮೊಳೆಯ ಮೇಲಿನ ಕಟ್ಟು ಇನ್ನೂ ದಪ್ಪವಾಗಿತ್ತು. ಫೋನ್‌ನಲ್ಲೇ ಬರುತ್ತಲ್ಲ, ಇದ್ಯಾಕೆ ಅಂದೆ. ಅಂದಿನ ಚೀಟಿಯನ್ನು ತೆಗೆದು ಸ್ಕ್ರೀನ್ ಪಕ್ಕ ಹಿಡಿದರು, ಬೆರಳು ಎರಡರ ಮೇಲೂ ಸಾಲುಸಾಲಾಗಿ ಇಳಿಯಿತು. "ಎರಡೂ ಒಂದೇ ಹೇಳ್ತಾವಾ ಅಂತ ನೋಡ್ಬೇಕಲ್ಲ" ಅಂದರು. ಆಮೇಲೆ ಸ್ವಲ್ಪ ತಡೆದು, "ಚೀಟಿ ಕೊಡೋದು ನಿಲ್ಸಲ್ಲ ತಾನೆ?"