ಯಂತ್ರಕ್ಕೆ ಉಪಕರಣದ ಪರಿಚಯ

ಪ್ರಶ್ನೆಗೆ ವಾಕ್ಯರೂಪದಲ್ಲಿ ಉತ್ತರ ಕೊಡುವ ಭಾಷಾ ಮಾದರಿಗಳನ್ನು ವಾಚಕರಲ್ಲಿ ಬಹುಮಂದಿ ಈಗಾಗಲೇ ಬಳಸಿರಬಹುದು. ಇಂಥ ಮಾದರಿಗೆ ಮಾತಿನ ಜೊತೆಗೆ ಕೆಲಸ ಮಾಡುವ ಸಾಮರ್ಥ್ಯವನ್ನೂ ಒದಗಿಸಿದರೆ ಅದು ‘ಏಜೆಂಟ್’ ಎನಿಸಿಕೊಳ್ಳುತ್ತದೆ. ಆ ಸಾಮರ್ಥ್ಯ ಬರುವುದು ಉಪಕರಣಗಳಿಂದ. ಇಲ್ಲಿ ಉಪಕರಣವೆಂದರೆ ಸುತ್ತಿಗೆ, ಇಕ್ಕಳಗಳಲ್ಲ. ಒಂದು ಗೊತ್ತಾದ ಕೆಲಸವನ್ನು ಮಾಡತಕ್ಕ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಮು. ರೈಲಿನ ವೇಳೆಯನ್ನು ಹುಡುಕಿಕೊಡುವುದು ಒಂದು ಉಪಕರಣವಾದರೆ, ಲೆಕ್ಕ ಮಾಡಿಕೊಡುವುದು ಇನ್ನೊಂದು.

ಏಜೆಂಟು ಈ ಉಪಕರಣವನ್ನು ಹೇಗೆ ಬಳಸುತ್ತದೆ? ಸಾಮಾನ್ಯವಾಗಿ ಪ್ರೋಗ್ರಾಮಿನ ಒಳಗೆ ಏನಿದೆಯೆಂಬುದು ಅದಕ್ಕೆ ಕಾಣುವುದಿಲ್ಲ. ಉಪಕರಣದ ಹೆಸರು, ಕೆಲವು ವಾಕ್ಯಗಳ ವಿವರಣೆ, ಒದಗಿಸಬೇಕಾದ ಬೆಲೆಗಳ ಪಟ್ಟಿ, ಇಷ್ಟೇ ಅದರ ಮುಂದಿರುತ್ತವೆ. ಇವನ್ನು ಓದಿ ಅದು ‘ಈ ಉಪಕರಣವನ್ನು ಈ ಬೆಲೆಗಳೊಡನೆ ನಡೆಸಬೇಕು’ ಎಂಬ ಕೋರಿಕೆಯನ್ನು ಬರೆಯುತ್ತದೆ. ಉಪಕರಣವನ್ನು ನಡೆಸುವುದು ಬೇರೊಂದು ಪ್ರೋಗ್ರಾಮು. ಬಂದ ಫಲವು ಮತ್ತೆ ಮಾದರಿಯ ಕೈಸೇರುತ್ತದೆ. 2023ರ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳಿಗೆ ಈ ಸೌಕರ್ಯವನ್ನು ಒದಗಿಸಿತು. ಉಪಕರಣಗಳನ್ನು ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಸಮಾನ ಕ್ರಮವೊಂದನ್ನು 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿತು. ಕ್ರಮ ಯಾವುದಾದರೂ ಆಗಲಿ, ವಿವರಣೆಯನ್ನು ಬರೆಯುವ ಹೊಣೆ ಉಪಕರಣವನ್ನು ಮಾಡಿದವರದೇ.

ಈ ಹೊಣೆಯನ್ನು ನಾನು ಹಗುರವಾಗಿ ತೆಗೆದುಕೊಂಡು ಪೆಟ್ಟು ತಿಂದ ಸಂಗತಿಯನ್ನು ಹೇಳುತ್ತೇನೆ. ಸರಳ ಲೋಲಕದ ಪ್ರಯೋಗಕ್ಕಾಗಿ ಉಪಕರಣವೊಂದನ್ನು ಬರೆದೆ. ಲೋಲಕದ ಉದ್ದವನ್ನು 4π²ರಿಂದ ಗುಣಿಸಿ, ಆಂದೋಲನದ ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ದೊರೆಯುತ್ತದೆಂಬುದು ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ವಿವರಣೆಯಲ್ಲಿ ‘ಉದ್ದ ಮತ್ತು ಕಾಲದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುತ್ತದೆ’ ಎಂದಷ್ಟೇ ಬರೆದಿದ್ದೆ. ಬರೆದವನಿಗೆ ಎಲ್ಲವೂ ತಿಳಿದಿದ್ದುದರಿಂದ ಅಷ್ಟೇ ಸಾಕೆನಿಸಿತ್ತು.

ವಿದ್ಯಾರ್ಥಿಯೊಬ್ಬನು ಏಜೆಂಟಿಗೆ, ಉದ್ದ 80 ಸೆಂಟಿಮೀಟರ್, 20 ಆಂದೋಲನಗಳಿಗೆ 36 ಸೆಕೆಂಡು ಎಂದು ತಿಳಿಸಿದನು. ಉಪಕರಣಕ್ಕೆ ಹೋದ ಬೆಲೆಗಳು 80 ಮತ್ತು 36! ಬಂದ ಉತ್ತರ ಸೆಕೆಂಡಿನ ವರ್ಗಕ್ಕೆ 2.44 ಮೀಟರ್. ಬರಬೇಕಾಗಿದ್ದುದು 9.75. ಒಂದು ಆಂದೋಲನದ ಅವಧಿ 1.8 ಸೆಕೆಂಡನ್ನೇ ಕೊಟ್ಟು, ಉದ್ದವನ್ನು ಮಾತ್ರ ಸೆಂಟಿಮೀಟರಿನಲ್ಲಿ ಬಿಟ್ಟಿದ್ದರೆ 975 ಎಂದು ಬಂದು ತಪ್ಪು ಥಟ್ಟನೆ ಕಣ್ಣಿಗೆ ಬೀಳುತ್ತಿತ್ತು. ಎರಡು ತಪ್ಪುಗಳು ಕೂಡಿ ಸಂಭಾವಿತ ಮುಖದ ಸಂಖ್ಯೆಯೊಂದನ್ನು ಹುಟ್ಟಿಸಿದುದೇ ಅಪಾಯ. ಹುಡುಗನು ಅದನ್ನು ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆದು ತಂದಿದ್ದನು. ಯಂತ್ರವು ಕೊಟ್ಟ ಮಾತುಗಳನ್ನು ಓದಿ, ಹೇಳದೆ ಬಿಟ್ಟುದನ್ನು ಊಹಿಸಿಕೊಂಡಿತ್ತು; ನಾನೇ ಅದನ್ನು ಊಹೆಗೆ ತಳ್ಳಿದ್ದೆ.

ವಿವರಣೆಯನ್ನು ಹೀಗೆ ತಿದ್ದಿದೆ: ‘ಸರಳ ಲೋಲಕದ ಅಳತೆಗಳಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಮಾಡುತ್ತದೆ. ಉದ್ದವು ಮೀಟರುಗಳಲ್ಲಿರಬೇಕು, ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ, ಉದಾಹರಣೆಗೆ 0.80. ಅವಧಿಯು ಒಂದೇ ಪೂರ್ಣ ಆಂದೋಲನದ್ದು, ಸೆಕೆಂಡುಗಳಲ್ಲಿ. ಹಲವು ಆಂದೋಲನಗಳ ಕಾಲವನ್ನು ತಿಳಿಸಿದ್ದರೆ ಮೊದಲು ಅವುಗಳ ಸಂಖ್ಯೆಯಿಂದ ಭಾಗಿಸಬೇಕು. ಸ್ಪ್ರಿಂಗಿನ ಆಂದೋಲನಕ್ಕೆ ಇದನ್ನು ಬಳಸಬಾರದು.’ ಕೊನೆಯ ವಾಕ್ಯ ಅನಾವಶ್ಯಕವೆಂದು ಕೆಲವರಿಗೆ ತೋರಬಹುದು. ಆದರೆ ಸ್ಪ್ರಿಂಗಿಗೆ ಬೇರೊಂದು ಉಪಕರಣವಿತ್ತು. ಎರಡರ ವಿವರಣೆಯಲ್ಲೂ ‘ಆಂದೋಲನ’ ಎಂಬ ಮಾತಿದ್ದಾಗ ಯಂತ್ರವು ಯಾವುದನ್ನು ಆರಿಸಬೇಕು?

ಹೆಸರುಗಳನ್ನೂ ಬದಲಾಯಿಸಿದೆ. ‘ಕಾಲ’ ಎಂದಿದ್ದುದು ‘ಒಂದು ಆಂದೋಲನದ ಅವಧಿ, ಸೆಕೆಂಡು’ ಎಂದಾಯಿತು. ಅವಧಿ 10 ಸೆಕೆಂಡನ್ನು ಮೀರಿದರೆ ಲೆಕ್ಕವನ್ನು ನಿಲ್ಲಿಸಿ, ‘ಇದು ಒಂದೇ ಆಂದೋಲನದ ಅವಧಿಯೆ? ಹಲವು ಆಂದೋಲನಗಳದಾದರೆ ಭಾಗಿಸಿ ಮತ್ತೆ ಕೊಡಿ’ ಎಂಬ ಸಂದೇಶವನ್ನು ಕಳುಹಿಸುವಂತೆ ಮಾಡಿದೆ. ಹತ್ತು ಸೆಕೆಂಡಿನ ಲೋಲಕಕ್ಕೆ ಸುಮಾರು 25 ಮೀಟರ್ ಉದ್ದದ ದಾರ ಬೇಕು. ನಮ್ಮ ಪ್ರಯೋಗಶಾಲೆಯ ಚಾವಣಿಗೆ ಅಷ್ಟು ಎತ್ತರವಿಲ್ಲ! ಬರಿದೆ ‘ತಪ್ಪು’ ಎಂದರೆ ಯಂತ್ರಕ್ಕೆ ದಾರಿ ತೋರದು. ತಪ್ಪು ಎಲ್ಲಿದೆಯೆಂದು ತಿಳಿಸಿದರೆ ಅದು ಸಾಮಾನ್ಯವಾಗಿ ತಾನೇ ತಿದ್ದಿಕೊಂಡು ಮರುಕೋರಿಕೆ ಬರೆಯುತ್ತದೆ.

ಹಾಗೆಂದು ವಿವರಣೆಯನ್ನು ಪುರಾಣವಾಗಿಸಬಾರದು. ಪ್ರತಿಯೊಂದು ವಿವರಣೆಯೂ ಮಾದರಿಯು ಒಮ್ಮೆಗೆ ಓದಬಲ್ಲ ಪಠ್ಯದ ಮಿತಿಯೊಳಗೆ ಸ್ಥಳವನ್ನು ಆಕ್ರಮಿಸುತ್ತದೆ. ಲೋಲಕದ ಚರಿತ್ರೆ ಅಲ್ಲಿ ಬೇಕಿಲ್ಲ.

ಬರೆದ ಮಾತಿಗೂ ಪ್ರೋಗ್ರಾಮಿನ ನಡತೆಗೂ ಹೊಂದಿಕೆ ಇರಬೇಕಾದುದು ಇನ್ನೂ ಮುಖ್ಯ. ಏಜೆಂಟುಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಇದಕ್ಕೆ ದೊಡ್ಡ ಬೆಲೆ ತೆತ್ತ ನಿದರ್ಶನವೊಂದುಂಟು. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಹಾರಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳಗ್ರಹವನ್ನು ತಲಪುವಾಗ ಕಳೆದುಹೋಯಿತು. ಭೂಮಿಯ ಮೇಲಿದ್ದ ಒಂದು ಪ್ರೋಗ್ರಾಮು ನೌಕೆಯ ಚಿಕ್ಕ ಎಂಜಿನುಗಳ ನೂಕನ್ನು ಪೌಂಡ್-ಸೆಕೆಂಡುಗಳಲ್ಲಿ ತಿಳಿಸುತ್ತಿತ್ತು. ಅದನ್ನು ಪಡೆದು ಪಥವನ್ನು ಲೆಕ್ಕಹಾಕುವ ಪ್ರೋಗ್ರಾಮು ನ್ಯೂಟನ್-ಸೆಕೆಂಡುಗಳೆಂದು ತಿಳಿಯುತ್ತಿತ್ತು. ವ್ಯತ್ಯಾಸ ಸುಮಾರು 4.45 ಪಟ್ಟು. ಎರಡರ ನಡುವಣ ಲಿಖಿತ ಒಪ್ಪಂದದಲ್ಲಿ ಮೆಟ್ರಿಕ್ ಮಾನವೆಂದೇ ಇದ್ದಿತು. ಅಂದರೆ ವಿವರಣೆ ಸರಿಯಾಗಿತ್ತು, ಪ್ರೋಗ್ರಾಮು ಅದರಂತೆ ನಡೆಯಲಿಲ್ಲ.

ವಿದ್ಯಾರ್ಥಿಗಳು ಈ ಕೆಲಸವನ್ನು ಕಂಪ್ಯೂಟರಿಲ್ಲದೆಯೂ ಪರೀಕ್ಷಿಸಬಹುದು. ನಿಮ್ಮ ವಿವರಣೆಯನ್ನು ಒಂದು ಚೀಟಿಯಲ್ಲಿ ಬರೆದು, ಆ ಪ್ರಯೋಗವನ್ನು ಕಾಣದ ಗೆಳೆಯನ ಕೈಗೆ ಕೊಡಿ. ಜೊತೆಗೆ ಲೆಕ್ಕವನ್ನೂ ಕೊಡಿ. ಉಪಕರಣಕ್ಕೆ ಯಾವ ಬೆಲೆಗಳನ್ನು ಒದಗಿಸುವೆಯೆಂದು ಅವನು ಬರೆಯಲಿ. ನೀವು ಪಕ್ಕದಲ್ಲಿ ಕುಳಿತು ತುಟಿ ಬಿಚ್ಚಕೂಡದು. ತಿದ್ದಿದ ಚೀಟಿಯನ್ನು ನಾನು ಇತಿಹಾಸದ ಉಪನ್ಯಾಸಕರೊಬ್ಬರಿಗೆ ಕೊಟ್ಟಾಗ ಅವರು 0.80 ಮತ್ತು 1.8 ಎಂದು ಸರಿಯಾಗಿ ಬರೆದರು. ಬರೆದು, “ಗುಂಡಿನ ಕೇಂದ್ರವನ್ನು ಅಳೆಯುವುದು ಹೇಗೆ ಸ್ವಾಮಿ?” ಎಂದು ಕೇಳಿದರು. ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯವನ್ನು ಕೂಡಿಸಬೇಕೆಂಬುದನ್ನು ಆ ಸಂಜೆ ವಿವರಣೆಗೆ ಸೇರಿಸಿದೆ.