ಇಲಿ ತಿನ್ನುವ ಬೆಕ್ಕು, ಬೆಕ್ಕು ತಿನ್ನುವ ಚಿರತೆ



ಆಹಾರ ಸರಪಳಿಯ ಪಾಠ ನಾವೆಲ್ಲರೂ ಓದಿದ್ದೇವೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಆದರೆ ನಮ್ಮ ಮನೆಯ ಅಟ್ಟದಲ್ಲಿ ಶುರುವಾಗಿ ನಮ್ಮೂರ ಬೆಟ್ಟದ ಬಂಡೆ ತನಕ ಹೋಗುವ ಒಂದು ಸರಪಳಿ ಇದೆ. ಅದು ಹೀಗಿದೆ:

ರಾಗಿ → ಇಲಿ → ಬೆಕ್ಕು → ಚಿರತೆ

ಇತ್ತೀಚೆಗೆ ನಮ್ಮ ಬೀದಿಯಲ್ಲಿ ಬೆಕ್ಕುಗಳು ಕಾಣೆಯಾಗುತ್ತಿವೆ. ನಮ್ಮ ಮನೆಯಲ್ಲಿ ಮೂರು ಇದ್ದವು, ಈಗ ಒಂದು ಕರಿಬೆಕ್ಕು ಮಾತ್ರ ಉಳಿದಿದೆ. ಕೆಲವರು "ಯಾರೋ ಹಿಡ್ಕೊಂಡು ಹೋದ್ರು" ಅಂತಾರೆ. ಕೆಲವರು "ಕಿರುಬ ಬಂದೈತೆ, ಬೇಲಿಗೆ ಉರುಳು ಹಾಕ್ಬೇಕು" ಅಂತಾರೆ. ಏನು ಮಾಡಬೇಕು ಅನ್ನುವ ಮೊದಲು ಏನು ನಡೆಯುತ್ತಿದೆ ಅಂತ ತಿಳಿಯಬೇಕಲ್ಲವೇ? ಅದಕ್ಕೇ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಊರ ಹಿರಿಯರನ್ನು ಕೇಳಿ, ಓದಿ ತಿಳಿದುಕೊಂಡು ಈ ಲೇಖನ ಬರೆದಿದ್ದೇನೆ.

1. ಬೆಕ್ಕು ಊರಿಗೆ ಬಂದದ್ದು ಹೇಗೆ?

ಬೆಕ್ಕು ಒಂದು ಸಸ್ತನಿ. ಇದು ಮಾರ್ಜಾಲ ಕುಟುಂಬಕ್ಕೆ ಸೇರಿದೆ. ಹುಲಿ, ಸಿಂಹ, ಚಿರತೆ ಎಲ್ಲಾ ಇದೇ ಕುಟುಂಬದವು. ದನ, ಕುರಿ, ಕೋಳಿಗಳನ್ನು ಮನುಷ್ಯ ಹಾಲಿಗೆ, ಉಣ್ಣೆಗೆ, ಮೊಟ್ಟೆಗೆ ಅಂತ ಸಾಕಿದ. ಬೆಕ್ಕಿನ ಕತೆ ಬೇರೆ. ಜನ ಬೇಸಾಯ ಕಲಿತು ಕಾಳು ಕೂಡಿಟ್ಟರು. ಕಾಳು ಹುಡುಕಿಕೊಂಡು ಇಲಿ ಬಂತು. ಇಲಿ ಹುಡುಕಿಕೊಂಡು ಕಾಡುಬೆಕ್ಕು ಬಂತು. ಹೀಗೆ ಬಂದದ್ದು ಮನೆಯಲ್ಲೇ ಉಳಿಯಿತು. ಸೈಪ್ರಸ್ ಎಂಬ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದು ಸಿಕ್ಕಿದೆ. ಈ ವಿಷಯ 2004ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತು ನೆನಪಿಡಿ. ಆಹಾರ ಎಲ್ಲಿದೆಯೋ ತಿನ್ನುವವರು ಅಲ್ಲಿಗೇ ಬರುತ್ತಾರೆ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

2. ಬೇಟೆಗಾರನ ಮೈಕಟ್ಟು

ದೊಡ್ಡ ಬೆಕ್ಕು ಸಾಮಾನ್ಯವಾಗಿ 3ರಿಂದ 5 ಕೆ.ಜಿ. ತೂಗುತ್ತದೆ. ಅದರ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ಸು ಕಳಿಸುವ ಒಂದು ಪದರ ಇದೆ. ಕತ್ತಲಲ್ಲಿ ಬ್ಯಾಟರಿ ಬಿಟ್ಟರೆ ಅದರ ಕಣ್ಣು ಹೊಳೆಯುವುದು ಇದರಿಂದಲೇ. ನಮಗೆ ಕೇಳದಷ್ಟು ಸಣ್ಣ ಕೀಚಲು ಶಬ್ದವೂ ಅದಕ್ಕೆ ಕೇಳುತ್ತದೆ. ಇಲಿಮರಿಗಳು ಬಿಲದೊಳಗೆ ಮಾಡುವ ಸದ್ದು ಅಂಥದ್ದು. ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಹೆಜ್ಜೆ ಸಪ್ಪಳವೇ ಆಗುವುದಿಲ್ಲ.

ಇಷ್ಟೆಲ್ಲಾ ಇದ್ದರೂ ಬೆಕ್ಕು ಚಿರತೆಗೆ ಯಾಕೆ ಸಿಕ್ಕಿಬೀಳುತ್ತದೆ? ಯಾಕೆಂದರೆ ಇದೇ ಕಣ್ಣು, ಇದೇ ಕಿವಿ, ಇದೇ ಮೆತ್ತನೆ ಪಾದ ಚಿರತೆಗೂ ಇದೆ. ಅದೂ ಹತ್ತು ಪಟ್ಟು ದೊಡ್ಡ ಮೈಯಲ್ಲಿ! ಬೆಕ್ಕು ಬೇಟೆಗೆ ಹೊರಡುವ ಹೊತ್ತೂ ಚಿರತೆ ಹೊರಡುವ ಹೊತ್ತೂ ಒಂದೇ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಇದೆಯಲ್ಲಾ, ಚಿರತೆ ಮುಂದೆ ಬೆಕ್ಕೇ ಇಲಿ.

3. ಬೆಕ್ಕನ್ನು ತಿನ್ನುವ ಪ್ರಾಣಿಗಳು

(ಅ) ಚಿರತೆ: ನಮ್ಮ ಕಡೆ ಹಳಬರು ಇದನ್ನು ಕಿರುಬ ಅಂತಾರೆ. (ಕತ್ತೆಕಿರುಬ ಬೇರೆ ಪ್ರಾಣಿ.) 30ರಿಂದ 70 ಕೆ.ಜಿ. ತೂಗುತ್ತದೆ. ದಟ್ಟ ಕಾಡೇ ಬೇಕು ಅಂತ ಇಲ್ಲ. ಬಂಡೆ ಸಂದು, ಲಂಟಾನ ಪೊದೆ, ಕಬ್ಬಿನ ಗದ್ದೆ ಸಿಕ್ಕರೂ ಸಾಕು. ಮೊಲ, ನವಿಲು, ಕೋತಿ, ಹಂದಿ, ನಾಯಿ, ಬೆಕ್ಕು ಯಾವುದಾದರೂ ಸರಿ, ತಿಂದು ಬದುಕುತ್ತದೆ.

(ಆ) ಹೆಬ್ಬಾವು: ಇದಕ್ಕೆ ವಿಷವಿಲ್ಲ. ಸುತ್ತಿ ಹಿಸುಕಿ ಕೊಂದು ಇಡಿಯಾಗಿ ನುಂಗುತ್ತದೆ. ಕೋಳಿ ಗೂಡಿಗೆ, ಹುಲ್ಲಿನ ಬಣವೆಗೆ ಇಲಿಗೋಸ್ಕರ ಬಂದಾಗ ಬೆಕ್ಕು ಸಿಕ್ಕರೆ ಬಿಡುವುದಿಲ್ಲ.

(ಇ) ನರಿ: ಹೆಚ್ಚಾಗಿ ಇಲಿ, ಏಡಿ, ಹಣ್ಣು, ಸತ್ತ ಪ್ರಾಣಿ ತಿನ್ನುತ್ತದೆ. ಬೆಕ್ಕಿನ ಮರಿ ಸಿಕ್ಕರೂ ಹಿಡಿಯುತ್ತದೆ.

(ಈ) ಬೀದಿನಾಯಿ: ಇದು ಕಾಡುಪ್ರಾಣಿ ಅಲ್ಲ. ಆದರೂ ಪಟ್ಟಿಯಲ್ಲಿ ಸೇರಿಸಿದ್ದೇನೆ. ಬೆಕ್ಕು ಸತ್ತರೆ ಎಲ್ಲಾ ತಪ್ಪನ್ನೂ ಕಾಡುಪ್ರಾಣಿ ಮೇಲೆ ಹಾಕುತ್ತೇವೆ. ನಾಯಿಗಳು ಗುಂಪು ಸೇರಿ ಬೆಕ್ಕನ್ನು ಕೊಲ್ಲುವುದನ್ನು ನಾವೆಲ್ಲಾ ಹಗಲಲ್ಲೇ ನೋಡಿದ್ದೇವೆ.

ಬೇರೆ ದೇಶದಲ್ಲೂ ಇದೇ ಕತೆ. ಅಮೆರಿಕದಲ್ಲಿ ನರಿ ಜಾತಿಯ ಕಯೋಟಿ ಎಂಬ ಪ್ರಾಣಿ ಊರೊಳಗೆ ಬಂದು ರಾತ್ರಿ ಹೊರಗಿರುವ ಬೆಕ್ಕುಗಳನ್ನು ಹಿಡಿಯುತ್ತದಂತೆ.

4. ಹೆಜ್ಜೆ ಗುರುತು ನೋಡುವುದು ಹೇಗೆ?

ಬಂದದ್ದು ನಾಯಿಯೋ ಚಿರತೆಯೋ ಅಂತ ಒದ್ದೆ ಮಣ್ಣು ಹೇಳುತ್ತದೆ.

* ನಾಯಿ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರಿನ ಚುಕ್ಕೆ ಇರುತ್ತದೆ.
* ಬೆಕ್ಕಿನ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ. ಅಗಲ ಸುಮಾರು 3 ಸೆಂ.ಮೀ.
* ಚಿರತೆ ಹೆಜ್ಜೆಯಲ್ಲೂ ಉಗುರು ಮೂಡುವುದಿಲ್ಲ. ಬೆಕ್ಕಿನದೇ ಅಚ್ಚು, ಆದರೆ ಅಗಲ 7–8 ಸೆಂ.ಮೀ. ಇರುತ್ತದೆ.

ನಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲೇ ಇದಕ್ಕೆ ಸಾಕು. ಆದರೆ ಹೆಜ್ಜೆ ಕಂಡರೆ ಅದರ ಹಿಂದೆ ಹುಡುಕಿಕೊಂಡು ಮಾತ್ರ ಹೋಗಬೇಡಿ. ಮನೆಗೆ ಬಂದು ದೊಡ್ಡವರಿಗೆ ಹೇಳಿ.

5. ಮಲ ಹೇಳಿದ ಸತ್ಯ

ಈ ತಲೆಬರಹ ನೋಡಿ ನಗಬೇಡಿ, ಇದೂ ವಿಜ್ಞಾನವೇ. ಚಿರತೆ ಏನು ತಿನ್ನುತ್ತದೆ ಅಂತ ಅದರ ಹಿಂದೆ ಹೋಗಿ ನೋಡಲು ಆಗುತ್ತದೆಯೇ? ಅದಕ್ಕೆ ವಿಜ್ಞಾನಿಗಳು ಅದರ ಮಲವನ್ನು ಆರಿಸಿ ತಂದು, ತೊಳೆದು, ಒಣಗಿಸುತ್ತಾರೆ. ಮಾಂಸ ಜೀರ್ಣವಾಗುತ್ತದೆ, ಕೂದಲು ಜೀರ್ಣವಾಗುವುದಿಲ್ಲ. ಆ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಕೆಯದೋ ನಾಯಿಯದೋ ಬೆಕ್ಕಿನದೋ ಗೊತ್ತಾಗುತ್ತದೆ.

ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ವಿದ್ಯಾ ಆತ್ರೇಯ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಹೀಗೆ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಅದು ಕಾಡಲ್ಲ, ಕಬ್ಬು ಬೆಳೆಯುವ ಹಳ್ಳಿಗಳ ಸೀಮೆ. ಅಲ್ಲಿಯ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 87 ಭಾಗ ಸಾಕುಪ್ರಾಣಿಗಳೇ. ಅದರಲ್ಲಿ ನಾಯಿ ಒಂದೇ ಶೇಕಡಾ 39. ನಾಯಿ ಬಿಟ್ಟರೆ ಬೆಕ್ಕು. ಆಶ್ಚರ್ಯ ಏನೆಂದರೆ, ಅಲ್ಲಿ ನಾಯಿಗಿಂತ ಮೇಕೆಗಳು ಏಳು ಪಟ್ಟು ಹೆಚ್ಚಿದ್ದವು. ಆದರೂ ಮೇಕೆಯ ಪಾಲು ಶೇಕಡಾ 11 ಮಾತ್ರ!

ಯಾಕೆ ಹೀಗೆ? ಮೇಕೆಗೆ ಬೆಲೆ ಇದೆ. ಸಂಜೆ ಎಣಿಸಿ ಕೊಟ್ಟಿಗೆಗೆ ಕೂಡಿ ಬಾಗಿಲು ಹಾಕುತ್ತೇವೆ. ಬೆಕ್ಕನ್ನು ಎಣಿಸುವವರು ಯಾರು? ರಾತ್ರಿಯೆಲ್ಲಾ ಅದು ಬೀದಿಯಲ್ಲೇ. ಬೀಗ ಹಾಕಿದ ಅಂಗಡಿ ಬಿಟ್ಟು ಬಾಗಿಲು ತೆಗೆದ ಅಂಗಡಿಗೆ ಗಿರಾಕಿ ಹೋದ ಹಾಗೆ ಚಿರತೆ ನಾಯಿ ಬೆಕ್ಕುಗಳ ಹತ್ತಿರ ಬರುತ್ತದೆ.

6. ಬೆಕ್ಕಿನ ಮಾತು ಬೆಕ್ಕಿಗೇ ಮುಗಿಯುವುದಿಲ್ಲ

"ಒಂದು ಬೆಕ್ಕು ಹೋದ್ರೆ ಹೋಯ್ತು ಬಿಡು" ಅಂತ ಕೆಲವರು ಹೇಳಬಹುದು. ಆದರೆ ಇಲಿ ಹಿಂದೆ ಬೆಕ್ಕು ಬಂದ ಹಾಗೇ ಬೆಕ್ಕಿನ ಹಿಂದೆ ಚಿರತೆ ಬರುತ್ತದೆ. ಬೆಕ್ಕು ಇರುವುದು ಎಲ್ಲಿ? ನಮ್ಮ ಹಿತ್ತಲಲ್ಲಿ, ಜಗಲಿಯಲ್ಲಿ, ಬಚ್ಚಲ ಒಲೆ ಹತ್ತಿರ. ನಾವು ಕತ್ತಲಲ್ಲಿ ಬಯಲಿಗೆ ಹೋಗುವುದೂ, ಪಾತ್ರೆ ತೊಳೆಯುವುದೂ, ಪುಟ್ಟ ತಮ್ಮ ತಂಗಿಯರು ಆಡುವುದೂ ಅಲ್ಲೇ. 2019–20ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಚಿರತೆ ದಾಳಿಯಿಂದ ಜನ ಸತ್ತರು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಚಿರತೆ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ದೂರ ಹೋಗುತ್ತದೆ. ಹಾಗಂತ ಅದನ್ನು ಮನೆ ಬಾಗಿಲಿಗೆ ಕರೆಯುವುದು ಬುದ್ಧಿವಂತಿಕೆಯೇ?

ಇನ್ನೊಂದು ವಿಷಯ ರೋಗ. 2023ರಲ್ಲಿ ಬನ್ನೇರುಘಟ್ಟದಲ್ಲಿ 7 ಚಿರತೆ ಮರಿಗಳು ಒಂದು ವೈರಸ್ ರೋಗದಿಂದ ಸತ್ತವು. ಅದು ಮನೆಬೆಕ್ಕುಗಳಿಗೂ ಬರುವ ರೋಗ. ಒಂದೇ ಕುಟುಂಬ ಅಂದೆನಲ್ಲಾ, ರೋಗಕ್ಕೂ ಅದು ಗೊತ್ತು.

7. ಉರುಳು ಹಾಕಿದರೆ ಆಗದೇ? ಬೋನು ಇಟ್ಟರೆ?

ಉರುಳಿಗೆ ಕಣ್ಣಿಲ್ಲ. ಚಿರತೆಗೆ ಹಾಕಿದ್ದಕ್ಕೆ ನಮ್ಮದೇ ಕರು, ನಾಯಿ, ಅದೇ ಬೆಕ್ಕು ಬೀಳಬಹುದು. ಅರ್ಧ ಸಿಕ್ಕಿಬಿದ್ದು ನೋವಿನಲ್ಲಿರುವ ಚಿರತೆ ಎಲ್ಲಕ್ಕಿಂತ ಅಪಾಯ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಚಿರತೆ ಇದೆ. ಅದನ್ನು ಕೊಂದವರಿಗೆ ಜೈಲು ಶಿಕ್ಷೆ ಇದೆ.

ಬೋನು ಇಟ್ಟು ಹಿಡಿದು ದೂರ ಬಿಟ್ಟರೆ? ಮಹಾರಾಷ್ಟ್ರದ ಜುನ್ನರ್ ಎಂಬ ಕಡೆ 2001ರಿಂದ 2003ರವರೆಗೆ ಬಹಳ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟರು. ಬಿಟ್ಟ ಜಾಗಗಳ ಹತ್ತಿರ ಜನರ ಮೇಲೆ ದಾಳಿ ಹೆಚ್ಚಾಯಿತು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಪ್ರಾಣಿಗೂ ಗಾಬರಿ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಯಾಕೆ? ಮೊದಲೇ ಹೇಳಿದೆನಲ್ಲಾ, ಆಹಾರ ಎಲ್ಲಿದೆಯೋ ತಿನ್ನುವವರು ಅಲ್ಲಿಗೇ ಬರುತ್ತಾರೆ. 2022ರ ಅಂದಾಜಿನಲ್ಲಿ ಭಾರತದಲ್ಲಿ 13,874 ಚಿರತೆಗಳಿದ್ದವು. ಅವುಗಳಲ್ಲಿ 1,879 ನಮ್ಮ ಕರ್ನಾಟಕದಲ್ಲೇ. ಎಷ್ಟನ್ನು ಅಂತ ಹಿಡಿಯುವುದು?

8. ನಾವು ಏನು ಮಾಡಬಹುದು?

(1) ಕತ್ತಲಾಗುವ ಮೊದಲು ಬೆಕ್ಕನ್ನು ಒಳಗೆ ಸೇರಿಸಬೇಕು. ಇದನ್ನು ಹೇಳಿದಾಗ ನಮ್ಮಜ್ಜಿ, "ಅಲ್ಲ ಮಗಾ, ಬೆಕ್ಕು ಒಳಗೇ ಬಿದ್ದಿದ್ರೆ ಇಲಿ ಹಿಡಿಯೋರು ಯಾರು?" ಅಂದರು. ನಾನು "ಅಜ್ಜಿ, ರಾಗಿ ಮೂಟೆ ಇರೋದು ಎಲ್ಲಿ? ಅಟ್ಟದ ಮೇಲೆ. ಇಲಿ ಇರೋದೂ ಅಲ್ಲೇ. ಬೆಕ್ಕಿಗೆ ಬೀದೀಲಿ ಏನು ಕೆಲಸ?" ಅಂದೆ. ಅಜ್ಜಿ ನಕ್ಕುಬಿಟ್ಟರು. ಈಗ ನಮ್ಮ ಕರಿಬೆಕ್ಕು ರಾತ್ರಿ ಅಟ್ಟದಲ್ಲೇ ಇರುತ್ತದೆ. ಸಂಜೆ ಒಂದು ಹೊತ್ತು ಗೊತ್ತುಮಾಡಿ ಒಳಗಡೆಯೇ ಹಾಲು ಅನ್ನ ಹಾಕಿದರೆ ಅದಾಗದೇ ಬಂದು ಕೂರುತ್ತದೆ.

(2) ಕೋಳಿ ಪುಕ್ಕ, ಕರುಳು, ಮೀನಿನ ತಲೆಗಳನ್ನು ಊರ ಪಕ್ಕದ ಹಳ್ಳಕ್ಕೆ ಎಸೆಯಬಾರದು. ಅದಕ್ಕೆ ನಾಯಿ ಬೆಕ್ಕು ಸೇರುತ್ತವೆ, ಅವಕ್ಕೆ ಚಿರತೆ ಬರುತ್ತದೆ. ಗುಂಡಿ ತೋಡಿ ಮುಚ್ಚಬೇಕು.

(3) ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕೆರೆ ಏರಿ ಆಚೆ ಬಿಟ್ಟು ಬರುವುದು ನಿಲ್ಲಬೇಕು. ಬೆಕ್ಕು ಕೊಂದರೆ ಪಾಪ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕಣ್ಣು ಬಿಟ್ಟಿರದ ಮರಿಯನ್ನು ಕತ್ತಲಲ್ಲಿ ಪೊದೆ ಪಕ್ಕ ಇಟ್ಟು ಬಂದರೆ ಕೊಂದ ಹಾಗಲ್ಲವೇ? ಮರಿ ಬೇಡ ಅನ್ನುವವರು ಬೆಕ್ಕಿಗೆ ಆಪರೇಷನ್ ಮಾಡಿಸುವ ಬಗ್ಗೆ ಪಶು ವೈದ್ಯರನ್ನು ಕೇಳಬಹುದು. ರೋಗದ ಲಸಿಕೆಯನ್ನೂ ಅವರ ಹತ್ತಿರವೇ ಕೇಳಬಹುದು.

(4) ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ ಹಿಡಿದು, ಮಾತಾಡುತ್ತಾ, ಜೊತೆಯಲ್ಲಿ ಹೋಗಬೇಕು. ಚಿಕ್ಕ ಮಕ್ಕಳನ್ನು ಒಬ್ಬರೇ ಬಿಡಬಾರದು. ಮನೆ ಸುತ್ತ ಪೊದೆ ಸವರಬೇಕು.

(5) ಚಿರತೆ ಕಂಡರೆ ಗುಂಪು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗಬಾರದು, ಕಲ್ಲು ಹೊಡೆಯಬಾರದು. ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಮುಕ್ತಾಯ

ಬೆಕ್ಕು ಇಲಿ ತಿಂದರೆ ಸಂತೋಷ ಪಡುತ್ತೇವೆ, ಚಿರತೆ ಬೆಕ್ಕು ತಿಂದರೆ ಸಿಟ್ಟಾಗುತ್ತೇವೆ. ಎರಡೂ ಹೊಟ್ಟೆಗಾಗಿ ಮಾಡುವ ಕೆಲಸವೇ. ಚಿರತೆಗೆ ಇದು ಯಾರ ಮನೆ ಬೆಕ್ಕು ಅಂತ ಗೊತ್ತಿಲ್ಲ. ಗೊತ್ತಿರುವುದು ನಮಗೆ. ಆದ್ದರಿಂದ ಬಾಗಿಲು ಹಾಕಬೇಕಾದವರೂ ನಾವೇ. ಒಂದು ಬಾಗಿಲು ಹಾಕಿದರೆ ಬೆಕ್ಕೂ ಉಳಿಯುತ್ತದೆ, ರಾಗಿಯೂ ಉಳಿಯುತ್ತದೆ, ಬೆಟ್ಟದ ಚಿರತೆ ಬೆಟ್ಟದಲ್ಲೇ ಉಳಿಯುತ್ತದೆ.

ಹೇಳಿ ನೋಡೋಣ! (ಉತ್ತರ ಲೇಖನದಲ್ಲೇ ಇದೆ)

1. ಹೆಜ್ಜೆ ಗುರುತಿನಲ್ಲಿ ಉಗುರು ಮೂಡುವುದು ಯಾವ ಪ್ರಾಣಿಯದು?
2. ಚಿರತೆಯ ಮಲದಲ್ಲಿ ಜೀರ್ಣವಾಗದೆ ಉಳಿಯುವುದು ಯಾವುದು?
3. ಮೇಕೆಗಳು ಹೆಚ್ಚಿದ್ದರೂ ಚಿರತೆ ನಾಯಿಗಳನ್ನೇ ಹೆಚ್ಚು ತಿಂದಿದ್ದು ಯಾಕೆ?
4. ನಿಮ್ಮ ಮನೆಯ ಬೆಕ್ಕು ನಿನ್ನೆ ರಾತ್ರಿ ಎಲ್ಲಿತ್ತು? (ಈ ಉತ್ತರ ಮಾತ್ರ ಲೇಖನದಲ್ಲಿಲ್ಲ, ಮನೆಗೆ ಹೋಗಿ ನೋಡಿ!)

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ