ಮಕ್ಕಳ ಹಕ್ಕೂ ನಮ್ಮ ಸಂವಿಧಾನವೂ

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಮಕ್ಕಳ ವಿಷಯದಲ್ಲಿ ಎರಡು ಬಗೆಯ ಮಾತನ್ನಾಡಿತು. ಹದಿನಾಲ್ಕು ತುಂಬದವರನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಬಾರದೆಂಬ 24ನೆಯ ವಿಧಿ ಮೂಲಭೂತ ಹಕ್ಕಾಯಿತು. ಅವರಿಗೆ ಉಚಿತ, ಕಡ್ಡಾಯ ಶಿಕ್ಷಣವೀಯಬೇಕೆಂಬ 45ನೆಯ ವಿಧಿಯಾದರೋ ನ್ಯಾಯಾಲಯದಲ್ಲಿ ಕೇಳಿ ಪಡೆಯಲಾಗದ ನಿರ್ದೇಶಕ ತತ್ತ್ವವಾಗಿ ಉಳಿಯಿತು. ದುಡಿಮೆಯಿಂದ ಬಿಡಿಸಿದ ಮಗುವಿಗೆ ಶಾಲೆಯ ಬಾಗಿಲು ತೆರೆಯದಿದ್ದರೆ ಫಲವೇನು?

ಈ ಕೊರತೆ ನೀಗುವುದಕ್ಕೆ ಕರ್ನಾಟಕದ ವ್ಯಾಜ್ಯವೊಂದು ನಾಂದಿಯಾದುದು ಸ್ಮರಣೀಯ. ವೈದ್ಯಕೀಯ ಕಾಲೇಜಿನ ಶುಲ್ಕವನ್ನು ಕುರಿತ 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಹಕ್ಕೆಂದು ಸಾರಿತು. 1993ರ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆಂದು ನಿರ್ಣಯಿಸಿತು. 2002ರ 86ನೆಯ ತಿದ್ದುಪಡಿಯು 21ಎ ವಿಧಿಯನ್ನು ಸೇರಿಸಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರ ವಯಸ್ಸಿನವರಿಗೆ ಅದು ಜಾರಿಗೆ ಬಂದಿತು.

ಆದರೂ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಾದ ತಿದ್ದುಪಡಿಯು, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ಶಾಲಾವೇಳೆಯ ಹೊರಗೆ ಮಕ್ಕಳು ನೆರವಾಗಬಹುದೆಂದಿದೆ. ಕೆಂಚಾರ್ಲಹಳ್ಳಿಯ ಸುತ್ತಣ ರೇಷ್ಮೆಯ ಸೀಮೆಯಲ್ಲಿ ಹುಳುಮನೆಯ ಆ ನೆರವು ಹಾಜರಿಪುಸ್ತಕದ ಗೈರುಹಾಜರಿಯಾಗದಂತೆ ಕಾಯಬೇಕಾದವರು ಉಪಾಧ್ಯಾಯರು. ಬಡತನವು ಮಗುವನ್ನು ಶಾಲೆಯಿಂದ ಸೆಳೆಯದಂತೆ ಆಸರೆಯಾಗಬೇಕಾದವರು ದಾನಿಗಳು. ಕಾಯಕವನ್ನು ಪೂಜ್ಯವೆಂದು ನಂಬಿದ ನಾವು, ಮಗುವಿನ ಕಾಯಕವು ಕಲಿಕೆಯೆಂಬುದನ್ನು ಮರೆಯಬಾರದು. ಸಂವಿಧಾನವಿತ್ತ ಹಕ್ಕಿಗೆ ಕಾವಲು ನಿಲ್ಲುವುದೇ ವಿದ್ಯಾಸಂಸ್ಥೆಯ ನಿಜವಾದ ದಾಸೋಹ.